ಬೆಳೆ ಮೇದ ಬಸವ: ಬೆಂಗಳೂರಿನ ದೊಡ್ಡ ಬಸವಣ್ಣನ ಐತಿಹ್ಯ ಮತ್ತು ಇತಿಹಾಸ

೧. ಪ್ರಸ್ತಾವನೆ

ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲ್ಲೂಕಿನ ಐವರ್ನಾಡು ಮೊದಲಾದ ಗ್ರಾಮಗಳಲ್ಲಿ ಬೇಸಾಯವೆಂದರೆ ನೆಟ್ಟು ಬೆಳೆಸುವುದು ಎಷ್ಟೋ, ರಾತ್ರಿ ಎಚ್ಚರವಿದ್ದು ಕಾಯುವುದೂ ಅಷ್ಟೇ. ಘಟ್ಟದ ಸೆರಗಿನ ಈ ಊರುಗಳ ಗದ್ದೆ ತೋಟಗಳಿಗೆ ಕಾಡುಹಂದಿಯ ಕಾಟ ಬಹು ಹಳೆಯದು. ಹೀಗೆ ಬೆಳೆಯನ್ನು ಹಾಳುಮಾಡುವ ಹಂದಿಯನ್ನೇ ತುಳುನಾಡಿನ ಜನ ಪಂಜುರ್ಲಿಯೆಂಬ ದೈವವಾಗಿ ನಂಬಿ, ಬೆಳೆಯನ್ನು ರಕ್ಷಿಸುವ ಹೊಣೆಯನ್ನು ಅದಕ್ಕೇ ಒಪ್ಪಿಸಿದ್ದಾರೆ. ಕೇಡನ್ನು ಮಾಡಿದುದೇ ಕಾವಲಿಗೆ ನಿಲ್ಲುವ ಈ ಭಾವನೆ ಕರಾವಳಿಗೆ ಮಾತ್ರ ವಿಶಿಷ್ಟವಾದುದೆಂದು ನಾವು ಎಣಿಸುವುದುಂಟು. ಆದರೆ ಘಟ್ಟವನ್ನೇರಿ ಬೆಂಗಳೂರಿಗೆ ಹೋದರೆ, ಆ ಮಹಾನಗರದ ನಡುವೆಯೇ, ಇದೇ ಬಗೆಯ ಇನ್ನೊಂದು ಕಥೆ ಕಲ್ಲಿನ ರೂಪದಲ್ಲಿ ಮಲಗಿರುವುದನ್ನು ಕಾಣಬಹುದು. ಅದೇ ಬಸವನಗುಡಿಯ ದೊಡ್ಡ ಬಸವಣ್ಣ.

ಈ ಬಸವನನ್ನು ಕುರಿತು ಬೆಂಗಳೂರಿನ ಮಕ್ಕಳೆಲ್ಲರೂ ಒಂದು ಕಥೆಯನ್ನು ಬಲ್ಲರು. ಅದರಲ್ಲಿ ಬಸವ ಒಂದು ತುಂಟ ಪ್ರಾಣಿ; ರಾತ್ರಿ ಬಂದು ಕಡಲೆಕಾಯಿಯ ಹೊಲವನ್ನು ಮೇಯುತ್ತದೆ, ಪೆಟ್ಟು ತಿನ್ನುತ್ತದೆ, ಕಲ್ಲಾಗುತ್ತದೆ, ಕಲ್ಲಾದಮೇಲೂ ಹಟಮಾಡಿ ಬೆಳೆಯುತ್ತದೆ. ಪ್ರತಿವರ್ಷ ಕಾರ್ತಿಕಮಾಸದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಗೆ ಈ ಕಥೆಯೇ ಆಧಾರ. ಒಂದು ವಿಗ್ರಹವು ತನ್ನ ತುಂಟತನದ ಕಥೆಯ ಬಲದಿಂದ ಒಂದು ಬಡಾವಣೆಗೆ ಹೆಸರನ್ನೂ, ಒಂದು ನಗರಕ್ಕೆ ಒಲವಿನ ಗುರುತನ್ನೂ ಕೊಟ್ಟಿತೆಂಬುದು ನಮ್ಮ ನಾಡಿನಲ್ಲಿ ಅಪರೂಪದ ಸಂಗತಿ. ಈ ಕಥೆಯಲ್ಲಿ ಇತಿಹಾಸಕ್ಕೆ ಸಲ್ಲುವ ಅಂಶ ಎಷ್ಟು, ಅದು ಯಾವ ಕಾಲದ್ದು, ಅದರಿಂದ ನಾವು ತಿಳಿಯಬಹುದಾದುದೇನು ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

೨. ವಿಗ್ರಹ

ದೊಡ್ಡ ಬಸವಣ್ಣನ ಗುಡಿ ಇರುವುದು ಬ್ಯೂಗಲ್ ರಾಕ್ ಎಂದು ಹೆಸರಾದ ಬಂಡೆಗಳ ದಿಣ್ಣೆಯ ಬಳಿ. ಲಾಲ್‌ಬಾಗಿನ ಪ್ರಸಿದ್ಧ ಬಂಡೆಯಂತೆ ಇದೂ ಸುಮಾರು ೩೦೦ ಕೋಟಿ ವರ್ಷಗಳಷ್ಟು ಪ್ರಾಚೀನವಾದ ಶಿಲಾವರ್ಗಕ್ಕೆ ಸೇರಿದುದು. ಇಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಬಸವನ ಎತ್ತರ ಸುಮಾರು ೧೫ ಅಡಿ, ಉದ್ದ ಸುಮಾರು ೨೦ ಅಡಿ. ಮೂಲತಃ ಬೂದುಬಣ್ಣದ ಕಲ್ಲು ಬಹುಕಾಲದಿಂದ ಇದ್ದಿಲು ಮತ್ತು ಎಣ್ಣೆಗಳನ್ನು ತಿಕ್ಕಿದುದರಿಂದ ಕಪ್ಪಾಗಿ ಹೊಳೆಯುತ್ತಿದೆ. ಕಾಲನ್ನು ಮಡಿಸಿ ಮಲಗಿರುವ ಭಂಗಿ ನಮ್ಮ ಶಿವಾಲಯಗಳಲ್ಲಿ ಎಲ್ಲೆಡೆಯೂ ಕಾಣುವಂಥದೇ.

ಆದರೆ ಒಂದು ವಿಷಯದಲ್ಲಿ ಈ ಗುಡಿ ಇತರ ಶಿವಾಲಯಗಳಿಂದ ಭಿನ್ನವಾಗಿದೆ. ಸಾಮಾನ್ಯವಾಗಿ ನಂದಿಯು ಸ್ವಾಮಿಯ ವಾಹನ. ಲಿಂಗಕ್ಕೆ ಎದುರಾಗಿ ನವರಂಗದಲ್ಲೋ ಹೊರಗಣ ಮಂಟಪದಲ್ಲೋ ಅದರ ಸ್ಥಾನ. ಇಲ್ಲಿಯಾದರೋ ವಾಹನವೇ ಸ್ವಾಮಿಯ ಸ್ಥಾನದಲ್ಲಿದೆ. ಪೂಜೆ, ಹರಕೆ, ಪರಿಷೆ ಎಲ್ಲವೂ ಬಸವನಿಗೇ ಸಲ್ಲುತ್ತವೆ. ಜನರ ಬಾಯಲ್ಲಿ ಇದು ಎಂದೂ ಶಿವನ ಗುಡಿಯಾಗಲಿಲ್ಲ. ಬಸವನ ಗುಡಿಯೇ ಆಯಿತು.

ಗುಡಿಯನ್ನು ಕಟ್ಟಿಸಿದವನು ಯಲಹಂಕ ನಾಡಪ್ರಭು ಹಿರಿಯ ಕೆಂಪೇಗೌಡನೆಂಬುದು ಪರಂಪರೆಯ ಹೇಳಿಕೆ. ಬೆಂಗಳೂರಿನ ಕೋಟೆ ಪೇಟೆಗಳ ಸ್ಥಾಪನೆಗೂ ಈ ಗುಡಿಗೂ ೧೫೩೭ ಎಂಬ ಒಂದೇ ವರ್ಷವನ್ನು ಹೇಳುವುದು ರೂಢಿಯಲ್ಲಿದೆ. ಈಗ ಗುಡಿಯ ಮೇಲೆ ಕಾಣುವ ಗೋಪುರ ೨೦ನೆಯ ಶತಮಾನದ ಆರಂಭದ್ದು. ಬೆಂಗಳೂರೆಂಬ ಹೆಸರು ಮಾತ್ರ ಕೆಂಪೇಗೌಡನಿಗಿಂತ ಬಹಳ ಹಿಂದಿನದು, ಕ್ರಿ.ಶ. ೯೦೦ರ ಸುಮಾರಿನ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ.

ಪರಂಪರೆಯ ಈ ಹೇಳಿಕೆಯನ್ನು ಶಿಲ್ಪದ ಇತಿಹಾಸವೂ ಸಮರ್ಥಿಸುವಂತಿದೆ. ವಿಜಯನಗರದ ಅರಸರ ಕಾಲದಲ್ಲಿ, ಮುಖ್ಯವಾಗಿ ೧೬ನೆಯ ಶತಮಾನದಲ್ಲಿ, ಏಕಶಿಲೆಯ ಬೃಹದ್ವಿಗ್ರಹಗಳನ್ನು ಕಡೆಯಿಸುವುದು ಒಂದು ಸಂಪ್ರದಾಯವೇ ಆಯಿತು. ಹಿಂದೂಪುರದ ಸಮೀಪದ ಲೇಪಾಕ್ಷಿಯಲ್ಲಿ, ಅಚ್ಯುತರಾಯನ ಆಳ್ವಿಕೆಯಲ್ಲಿ (೧೫೨೯-೧೫೪೨) ವಿರೂಪಣ್ಣನು ಕಟ್ಟಿಸಿದ ದೇವಾಲಯದ ನಂದಿ ಸುಮಾರು ೨೭ ಅಡಿ ಉದ್ದವಾಗಿದೆ. ಕೆಂಪೇಗೌಡನೂ ಅಚ್ಯುತರಾಯನ ಸಾಮಂತನಾಗಿದ್ದವನು. ಈ ಪದ್ಧತಿ ಮೈಸೂರಿನವರೆಗೂ ಮುಂದುವರಿಯಿತು. ಚಾಮುಂಡಿಬೆಟ್ಟದ ಮೆಟ್ಟಿಲುಗಳ ದಾರಿಯಲ್ಲಿರುವ ನಂದಿಯನ್ನು ದೊಡ್ಡದೇವರಾಜ ಒಡೆಯರ (೧೬೫೯-೧೬೭೩) ಕಾಲದಲ್ಲಿ ಕಡೆಯಲಾಯಿತು. ಲೇಪಾಕ್ಷಿ, ಬೆಂಗಳೂರು, ಮೈಸೂರುಗಳ ಈ ಮೂರು ನಂದಿಗಳಲ್ಲಿ ಗಾತ್ರದಿಂದ ಬೆಂಗಳೂರಿನದು ಮೊದಲನೆಯದಲ್ಲ. ಜನರ ಬಾಯಲ್ಲಿ ಅದಕ್ಕೆ ದೊರೆತ ವಿಶೇಷ ಸ್ಥಾನಕ್ಕೆ ಕಾರಣವನ್ನು ಶಿಲ್ಪದಲ್ಲಿ ಹುಡುಕಿದರೆ ಸಾಲದು, ಕಥೆಯಲ್ಲಿ ಹುಡುಕಬೇಕು.

೩. ಕಥೆ

ಈಗಿನ ಬಸವನಗುಡಿ ಇರುವ ಸ್ಥಳ ಹಿಂದೆ ಸುಂಕೇನಹಳ್ಳಿ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ಹೊಸಕೆರೆಹಳ್ಳಿ ಮೊದಲಾದ ಊರುಗಳ ರೈತರು ಇಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರು. ರಾತ್ರಿಯ ಹೊತ್ತು ಯಾವುದೋ ಪ್ರಾಣಿ ಬಂದು ಬೆಳೆಯನ್ನು ಮೇದುಹೋಗುತ್ತಿತ್ತು. ರೈತರು ಹೊಂಚುಹಾಕಿ ಕಾದರು. ಒಂದು ಎತ್ತು ಬಂದಿತು. ಸಿಟ್ಟಿನಿಂದ ಒಬ್ಬನು ದೊಣ್ಣೆಯಿಂದ ಹೊಡೆದನು. ಎತ್ತು ಅಲ್ಲಿಯೇ ಕುಳಿತು ಕಲ್ಲಾಯಿತು. ತಾವು ಹೊಡೆದುದು ಶಿವನ ವಾಹನವನ್ನೆಂದು ತಿಳಿದ ರೈತರು ಪಶ್ಚಾತ್ತಾಪಪಟ್ಟು ಗುಡಿ ಕಟ್ಟಿಸಿದರು. ಆದರೆ ಕಲ್ಲಿನ ಬಸವ ಬೆಳೆಯತೊಡಗಿತು. ಗುಡಿಗಿಂತ ದೊಡ್ಡದಾಗಬಹುದೆಂಬ ಭಯದಿಂದ ರೈತರು ಶಿವನನ್ನು ಪ್ರಾರ್ಥಿಸಲು, ಅದರ ನೆತ್ತಿಯಮೇಲೆ ಕಬ್ಬಿಣದ ತ್ರಿಶೂಲವನ್ನು ನಾಟಬೇಕೆಂಬ ಅಪ್ಪಣೆಯಾಯಿತು. ನಾಟಿದಮೇಲೆ ಬೆಳವಣಿಗೆ ನಿಂತಿತು. ಅಂದಿನಿಂದ ಬೆಳೆಯ ಮೊದಲ ಪಾಲನ್ನು ಬಸವನಿಗೆ ಒಪ್ಪಿಸುವ ಪದ್ಧತಿ ನಡೆದುಬಂದಿತು.

ಪಾಠಗಳಲ್ಲಿ ಸಣ್ಣಪುಟ್ಟ ಭೇದಗಳಿದ್ದರೂ ಕಥೆಯ ಚೌಕಟ್ಟು ಇಷ್ಟೇ. ಇದನ್ನು ಬಿಡಿಸಿ ನೋಡಿದರೆ ಮೂರು ಅಂಶಗಳು ದೊರೆಯುತ್ತವೆ: ಬೆಳೆ ಮೇಯುವ ಬಸವ, ಬೆಳೆಯುವ ಕಲ್ಲು, ಮೊದಲ ಫಲದ ಕಾಣಿಕೆ. ಈ ಮೂರರ ಕಾಲವೂ ಒಂದೇ ಆಗಿರಬೇಕಾಗಿಲ್ಲ. ಹಾಗಿಲ್ಲವೆಂಬುದನ್ನು ತೋರಿಸುವ ಸಾಕ್ಷ್ಯ ಕಥೆಯೊಳಗೇ ಇದೆ, ಅದು ಕಡಲೆಕಾಯಿ.

೪. ಕಡಲೆಕಾಯಿಯ ಸಾಕ್ಷ್ಯ

ಕಡಲೆಕಾಯಿಯ ತೌರು ದಕ್ಷಿಣ ಅಮೆರಿಕ. ಪೆರು ದೇಶದ ಪ್ರಾಚೀನ ನಿವೇಶನಗಳಲ್ಲಿ ಅದರ ಅವಶೇಷಗಳು ದೊರೆತಿವೆ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದುದು ೧೪೯೮ರಲ್ಲಿ. ೧೫೦೦ರಲ್ಲಿ ಇದೇ ಕಲ್ಲಿಕೋಟೆಗೆ ಹೊರಟ ಪೋರ್ಚುಗೀಸರ ಇನ್ನೊಂದು ನೌಕಾಪಡೆ ದಾರಿಯಲ್ಲಿ ಬ್ರೆಜಿಲಿನ ತೀರವನ್ನು ಮುಟ್ಟಿತು. ಅಮೆರಿಕದ ಮೆಣಸಿನಕಾಯಿ, ಗೇರು, ಅನಾನಸು ಮುಂತಾದುವು ನಮ್ಮ ಕರಾವಳಿಗೆ ಬರಲು ದಾರಿ ತೆರೆದುದು ಇದರ ತರುವಾಯವೇ. ಹೀಗಿರುವಲ್ಲಿ ೧೫೩೭ಕ್ಕೆ ಮುಂಚೆ ಬೆಂಗಳೂರಿನ ಸುತ್ತಣ ಒಳನಾಡಿನ ಹಳ್ಳಿಗಳ ರೈತರು ಕಡಲೆಕಾಯಿಯನ್ನು ಹೊಲಹೊಲವಾಗಿ ಬೆಳೆಯುತ್ತಿದ್ದರೆಂದು ಒಪ್ಪುವುದು ಸಾಧ್ಯವಿಲ್ಲ. ದಕ್ಷಿಣ ಭಾರತದಲ್ಲಿ ಅದು ದೊಡ್ಡ ಪ್ರಮಾಣದ ಬೆಳೆಯಾದುದು ೧೯ನೆಯ ಶತಮಾನದಲ್ಲಿ. ಆ ಶತಮಾನದ ಉತ್ತರಾರ್ಧದಲ್ಲಿ ಪುದುಚೇರಿಯ ಬಂದರಿನಿಂದ ಫ್ರಾನ್ಸಿನ ಮಾರ್ಸೇಲ್ ಪಟ್ಟಣದ ಎಣ್ಣೆ ಕಾರ್ಖಾನೆಗಳಿಗೆ ಅದು ಹೇರಳವಾಗಿ ಹೋಗುತ್ತಿತ್ತು.

ಭಾಷೆಯೂ ಇದನ್ನೇ ಹೇಳುತ್ತದೆ. ಕಡಲೆಯೆಂದರೆ ಮೊದಲಿಗೆ ನಾವು ಬೇಳೆಮಾಡುವ ಕಡಲೆ. ಅದು ಈ ದೇಶದಲ್ಲಿ ಬಹು ಪ್ರಾಚೀನವಾದ ಧಾನ್ಯ. ಹೊಸ ಕಾಯಿ ಬಂದಾಗ ಜನ ಹಳೆಯ ಹೆಸರಿಗೆ ಒಂದು ವಿಶೇಷಣ ಸೇರಿಸಿ ಅದನ್ನು ಕರೆದರು. ನಮ್ಮ ಕರಾವಳಿಯಲ್ಲಿ ಅದು ನೆಲಗಡಲೆ. ತಮಿಳಿನಲ್ಲಿ ನಿಲಕ್ಕಡಲೈ, ವೇರ್ಕಡಲೈ. ತೆಲುಗಿನಲ್ಲಿ ವೇರುಶೆನಗ, ಎಂದರೆ ಬೇರಿನ ಕಡಲೆ. ಮರಾಠಿಯಲ್ಲಿ ಭುಯಿಮೂಗ್, ಎಂದರೆ ನೆಲದ ಹೆಸರು. ಹೂ ಮೇಲರಳಿ ಕಾಯಿ ಮಣ್ಣಿನೊಳಗೆ ಕಟ್ಟುವ ಈ ಗಿಡದ ಸ್ವಭಾವವನ್ನು ಕಂಡ ನಾಲ್ಕು ಭಾಷೆಗಳ ಜನ ಒಂದೇ ರೀತಿಯಲ್ಲಿ ಯೋಚಿಸಿದ್ದಾರೆ. ಇಂಥ ಹೆಸರುಗಳು ಹೊರಗಿನಿಂದ ಬಂದ ವಸ್ತುವಿಗೆ ಸಲ್ಲತಕ್ಕವು.

ಇಲ್ಲಿ ಒಂದು ಸಮಾಧಾನವನ್ನು ಹೇಳಬಹುದು. ಕಥೆಯಲ್ಲಿದ್ದುದು ಹಳೆಯ ಕಡಲೆಯೇ. ನೆಲಗಡಲೆ ಬಂದಮೇಲೆ ಹೆಸರಿನ ಸಾಮ್ಯದಿಂದ ಒಂದರ ಸ್ಥಾನವನ್ನು ಇನ್ನೊಂದು ಆಕ್ರಮಿಸಿತು ಎಂದು. ಈ ಊಹೆ ಮೇಲುನೋಟಕ್ಕೆ ಚೆನ್ನಾಗಿದ್ದರೂ ಬೇಸಾಯದ ಕ್ರಮ ಅದಕ್ಕೆ ಒಪ್ಪುವುದಿಲ್ಲ. ಹಳೆಯ ಕಡಲೆ ಹಿಂಗಾರಿನ ಬೆಳೆ. ಮಳೆ ತೀರಿದಮೇಲೆ ಬಿತ್ತಿ ಮಾಘ ಫಾಲ್ಗುಣಗಳ ಹೊತ್ತಿಗೆ ಕೀಳುವಂಥದು. ಕಾರ್ತಿಕದಲ್ಲಿ ಅದು ಇನ್ನೂ ಎಳೆಯ ಪೈರು. ಮೊದಲ ಫಲದ ಕಾಣಿಕೆಗೆ ಒದಗುವುದಿಲ್ಲ. ನೆಲಗಡಲೆಯಾದರೋ ಮುಂಗಾರಿನ ಬೆಳೆ. ಮಳೆಯ ಆರಂಭದಲ್ಲಿ ಬಿತ್ತಿದುದು ನಾಲ್ಕು ತಿಂಗಳಿಗೆ ಕೀಳಲು ಬರುತ್ತದೆ. ಕಾರ್ತಿಕದ ಕೊನೆಗೆ ರೈತನ ಕೈಯಲ್ಲಿರುವುದು ಇದೇ. ಆದಕಾರಣ ಈಗಿನ ರೂಪದ ಪರಿಷೆ ನೆಲಗಡಲೆಗೇ ಸೇರಿದುದು. ನೆಲಗಡಲೆ ಈ ಪ್ರಾಂತದಲ್ಲಿ ವ್ಯಾಪಕವಾದ ಕಾಲಕ್ಕೆ, ಎಂದರೆ ಬಹುಮಟ್ಟಿಗೆ ೧೯ನೆಯ ಶತಮಾನಕ್ಕೆ, ಸೇರಿದುದು ಎಂದು ತೀರ್ಮಾನಿಸಬೇಕಾಗುತ್ತದೆ.

ಹಾಗಾದರೆ ಪರಿಷೆಯೇ ಇತ್ತೀಚಿನದೆ? ಹಾಗೆ ಹೇಳಬೇಕಾದ ಅಗತ್ಯವಿಲ್ಲ. ಕಾರ್ತಿಕ ಸೋಮವಾರಗಳು ಯಾವ ಬೆಳೆಯ ಹಂಗೂ ಇಲ್ಲದೆ ಶಿವನಿಗೆ ವಿಶೇಷವಾದ ದಿನಗಳು. ಆ ಮಾಸದ ಕೊನೆಯ ಸೋಮವಾರ ಸುತ್ತಣ ಹಳ್ಳಿಗಳ ಜನ ಬಸವನ ಗುಡಿಯಲ್ಲಿ ನೆರೆಯುತ್ತಿದ್ದುದು ಸಹಜ. ಅವರು ತಂದೊಪ್ಪಿಸುತ್ತಿದ್ದ ಫಲ ಕಾಲಕಾಲಕ್ಕೆ ಬೇರೆಯಾಗಿದ್ದಿರಬೇಕು. ಕೆಮ್ಮಣ್ಣಿನ ಹೊಲಗಳಿಗೆ ಒಗ್ಗುವ, ಸಂತೆಯಲ್ಲಿ ಹಣ ತರುವ ಹೊಸ ಬೆಳೆಯೊಂದು ಬಂದು ಅದೇ ಸಮಯಕ್ಕೆ ಕಟಾವಾದಾಗ, ಅದು ಹಳೆಯ ಫಲಗಳನ್ನು ಹಿಂದೆ ಸರಿಸಿ ತಾನೇ ಕಾಣಿಕೆಯಾಯಿತು. ಕಾಣಿಕೆಯಾದುದು ಕಥೆಯೊಳಕ್ಕೂ ಪ್ರವೇಶಿಸಿತು. ಐತಿಹ್ಯವು ತನ್ನ ಕಾಲದ ಹೊಲವನ್ನು ಹಿಂದಿನ ಕಾಲಕ್ಕೆ ಕೊಂಡೊಯ್ಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿದ್ಯಾರ್ಥಿಗಳಿಗೆ ಬೇಕಾಗಿಲ್ಲ.

೫. ಬೆಳೆಯುವ ಕಲ್ಲು ಮತ್ತು ತ್ರಿಶೂಲ

ಕಲ್ಲಿನ ನಂದಿ ಬೆಳೆಯುತ್ತದೆಂಬ ನಂಬಿಕೆ ಬೆಂಗಳೂರಿಗೆ ಮಾತ್ರ ಸೀಮಿತವಾದುದಲ್ಲ. ಆಂಧ್ರಪ್ರದೇಶದ ಯಾಗಂಟಿಯ ನಂದಿ ಈಗಲೂ ಬೆಳೆಯುತ್ತಿದೆಯೆಂದು ಭಕ್ತರು ನಂಬುತ್ತಾರೆ. ತಂಜಾವೂರಿನ ಬೃಹದೀಶ್ವರ ದೇವಾಲಯದ ನಂದಿ ಬೆಳೆಯತೊಡಗಿತೆಂದೂ, ಅದರ ಬೆನ್ನಿಗೆ ಮೊಳೆ ಹೊಡೆದು ನಿಲ್ಲಿಸಿದರೆಂದೂ ಅಲ್ಲಿಯ ಕಥೆ. ಗುಡಿಯೊಳಗೆ ಹಿಡಿಸಲಾರದಂತೆ ತೋರುವ ವಿಗ್ರಹವನ್ನು ಕಂಡ ಜನಮನಸ್ಸು ಇಂಥ ಕಥೆಗಳನ್ನು ಹೆಣೆಯುತ್ತದೆ. ಬಸವನಗುಡಿಯಲ್ಲಿಯೂ ವಿಗ್ರಹ ಗರ್ಭಗೃಹವನ್ನು ತುಂಬಿಕೊಂಡೇ ಇದೆ. ಮೊದಲು ಕಲ್ಲನ್ನು ಕಡೆದು ಅನಂತರ ಅದರ ಸುತ್ತ ಗುಡಿ ಕಟ್ಟಿದರೆ ಹೀಗೆ ಕಾಣುವುದು ಸ್ವಾಭಾವಿಕ. ಗುಡಿಗಿಂತ ವಿಗ್ರಹ ಮೊದಲೆಂಬ ಈ ಕ್ರಮವನ್ನು ಕಥೆ ತನ್ನ ಮಾತಿನಲ್ಲಿ ಸರಿಯಾಗಿಯೇ ಉಳಿಸಿಕೊಂಡಿದೆ.

ತ್ರಿಶೂಲದ ವಿಷಯ ಇನ್ನೂ ಗಮನಾರ್ಹವಾಗಿದೆ. ನಮ್ಮ ಧರ್ಮಶಾಸ್ತ್ರಗಳಲ್ಲಿ ವೃಷೋತ್ಸರ್ಗವೆಂಬ ಒಂದು ವಿಧಿ ಉಂಟು. ಪಿತೃಗಳ ಸದ್ಗತಿಗಾಗಿ ಲಕ್ಷಣವಾದ ಹೋರಿಯೊಂದನ್ನು ಆರಿಸಿ, ಅದರ ಮೈಮೇಲೆ ತ್ರಿಶೂಲ ಚಕ್ರಗಳ ಮುದ್ರೆಯನ್ನು ಒತ್ತಿ, ಸ್ವೇಚ್ಛೆಯಾಗಿ ತಿರುಗಲು ಬಿಡುವುದು ಇದರ ಕ್ರಮ. ದೇವರ ಹೆಸರಿನಲ್ಲಿ ಗೂಳಿ ಬಿಡುವ ಪದ್ಧತಿ ಹಳ್ಳಿಗಳಲ್ಲಿಯೂ ಇತ್ತು. ಇಂಥ ಬಸವನನ್ನು ಯಾರೂ ಕಟ್ಟುವಂತಿಲ್ಲ, ಹೂಡುವಂತಿಲ್ಲ, ಹೊಡೆಯುವಂತಿಲ್ಲ. ಅದು ಯಾರ ಹೊಲಕ್ಕೆ ನುಗ್ಗಿದರೂ ರೈತ ಸಹಿಸಬೇಕು. ಊರಿಗೆಲ್ಲ ಅದು ಮುದ್ದು; ಬೆಳೆ ಕಳೆದುಕೊಂಡವನಿಗೆ ಮಾತ್ರ ಸಂಕಟ. ವರ್ಷದ ದುಡಿಮೆ ಒಂದು ರಾತ್ರಿಯಲ್ಲಿ ಹೋದಾಗ ಬಡರೈತನ ಕೈ ದೊಣ್ಣೆಯ ಕಡೆಗೆ ಹೋಗುವುದೂ, ಹೊಡೆದಮೇಲೆ ಪಾಪಭೀತಿ ಅವನನ್ನು ಕಾಡುವುದೂ ಅನುಭವಕ್ಕೆ ದೂರವಾದ ಮಾತಲ್ಲ.

ಬಸವನಗುಡಿಯ ಕಥೆಯನ್ನು ಈ ಹಿನ್ನೆಲೆಯಲ್ಲಿ ಓದಿದರೆ ಅದರ ಅರ್ಥ ಸ್ಪಷ್ಟವಾಗುತ್ತದೆ. ಬೆಳೆ ಮೇದುದು ಕಾಡುಪ್ರಾಣಿಯಲ್ಲ, ಕಳ್ಳನಲ್ಲ, ಹೊಡೆಯಬಾರದ ಬಸವ. ಅದರ ನೆತ್ತಿಯಮೇಲೆ ನಾಟಿದ ತ್ರಿಶೂಲ, ದೇವರಿಗೆ ಬಿಟ್ಟ ಹೋರಿಯ ಮೈಮೇಲಿನ ತ್ರಿಶೂಲಮುದ್ರೆಯನ್ನೇ ನೆನಪಿಗೆ ತರುತ್ತದೆ. ಎಂದಮೇಲೆ ಇದು ಕೇವಲ ವಿನೋದದ ಕಥೆಯಲ್ಲ. ಧರ್ಮಕ್ಕೂ ಹೊಟ್ಟೆಗೂ ನಡುವೆ ಸಿಕ್ಕಿದ ಒಕ್ಕಲಿನ ಕಥೆ. ಈ ಇಕ್ಕಟ್ಟು ನೆಲಗಡಲೆಗಿಂತ ಹಳೆಯದು, ಕೆಂಪೇಗೌಡನಿಗಿಂತಲೂ ಹಳೆಯದು. ಕಥೆಯ ತಿರುಳು ಪ್ರಾಚೀನ, ಹೊರಗಣ ಸಿಪ್ಪೆ ಮಾತ್ರ ಇತ್ತೀಚಿನದು ಎಂಬುದು ನಮ್ಮ ಅಭಿಪ್ರಾಯ.

೬. ತುಳುನಾಡಿನ ಎರಡು ಹೋಲಿಕೆಗಳು

ಮೊದಲಲ್ಲಿ ಹೇಳಿದ ಪಂಜುರ್ಲಿಯನ್ನು ಇಲ್ಲಿ ಮತ್ತೆ ನೆನೆಯಬೇಕು. ತುಳುವಿನಲ್ಲಿ ಪಂಜಿಯೆಂದರೆ ಹಂದಿ. ಪಾಡ್ದನದ ಒಂದು ಪಾಠದಂತೆ ಕೈಲಾಸದಲ್ಲಿ ಪಾರ್ವತಿಯ ಮುದ್ದಿನಿಂದ ಬೆಳೆದ ಹಂದಿಯ ಮರಿ ಈಶ್ವರನ ತೋಟವನ್ನು ಹಾಳುಮಾಡಿತು. ಈಶ್ವರ ಅದನ್ನು ಕೊಲ್ಲಲು ಹೊರಟಾಗ ಪಾರ್ವತಿ ಅಡ್ಡಬಂದು ಬೇಡಿಕೊಂಡಳು. ಕೊನೆಗೆ ಅದನ್ನು ಭೂಮಿಗೆ ಕಳುಹಿಸಿ, ಜನರನ್ನೂ ಬೆಳೆಯನ್ನೂ ಕಾಯುವ ದೈವವಾಗೆಂದು ಈಶ್ವರ ಅಪ್ಪಣೆಮಾಡಿದನು. ತೋಟ ಕೆಡಿಸಿದ ಮುದ್ದಿನ ಪ್ರಾಣಿ, ಸಿಟ್ಟು, ಶಿವನ ಅಪ್ಪಣೆ, ಕೊನೆಗೆ ಕಾವಲು: ಬಸವನಗುಡಿಯ ಕಥೆಯ ಹೆಜ್ಜೆಗಳೇ ಇಲ್ಲಿಯೂ ಇವೆ. ಕಾಡಿನ ಅಂಚಿನಲ್ಲಿ ಬದುಕುವ ಸುಳ್ಯದ ಕಡೆಯ ರೈತನಿಗೆ ಎದುರಾದುದು ಹಂದಿ. ಬಯಲುಸೀಮೆಯ ರೈತನಿಗೆ ಎದುರಾದುದು ಎತ್ತು. ಇಬ್ಬರೂ ಮಾಡಿಕೊಂಡ ಒಪ್ಪಂದ ಒಂದೇ ಬಗೆಯದು: ಕದ್ದು ತಿನ್ನುವುದನ್ನು ನಾವೇ ಕರೆದು ಕೊಡುತ್ತೇವೆ, ಉಳಿದುದನ್ನು ನೀನು ಕಾಯಬೇಕು. ಪಂಜುರ್ಲಿಗೆ ಸಲ್ಲುವ ಕೋಲ, ಬಸವನಿಗೆ ಸಲ್ಲುವ ಮೊದಲ ಕಡಲೆಕಾಯಿ, ಈ ಒಪ್ಪಂದವನ್ನು ವರ್ಷವರ್ಷವೂ ಹೊಸತು ಮಾಡುವ ವಿಧಿಗಳು.

ಎರಡನೆಯ ಹೋಲಿಕೆ ಪುತ್ತೂರಿನದು. ಅಲ್ಲಿಯ ಮಹಾಲಿಂಗೇಶ್ವರನ ಲಿಂಗವನ್ನು ಆನೆಯಿಂದ ಎಳೆಯಿಸಲು ಹೋದಾಗ ಆನೆಯ ಮೈ ಛಿದ್ರವಾಗಿ ದಿಕ್ಕುದಿಕ್ಕಿಗೆ ಬಿತ್ತೆಂದೂ, ಕೊಂಬು ಬಿದ್ದ ಜಾಗವೇ ಕೊಂಬೆಟ್ಟು ಎಂದೂ ಐತಿಹ್ಯ. ಆ ದೇವಾಲಯದ ಆವರಣಕ್ಕೆ ಆನೆ ಬರಬಾರದೆಂಬ ನಂಬಿಕೆಯೂ ಇದಕ್ಕೆ ಸೇರಿದೆ. ಪ್ರಾಣಿಯೊಂದರ ಕಥೆ ಊರಿನ ಭೂಗೋಳವನ್ನೇ ವಿವರಿಸುವ ರೀತಿ ಇದು. ಆದರೆ ಪುತ್ತೂರಿನ ಆನೆ ದೇವರಿಗೆ ಎದುರಾಗಿ ಒಡೆದುಹೋಯಿತು. ಬೆಂಗಳೂರಿನ ಬಸವ ರೈತನಿಗೆ ಎದುರಾಗಿ ದೇವರಾಯಿತು. ಮೊದಲನೆಯದು ದೇವಸ್ಥಾನದ ಮಹಿಮೆಯನ್ನು ಸಾರುವ ಕಥೆ, ಎರಡನೆಯದು ಹೊಲದಲ್ಲಿ ಹುಟ್ಟಿದ ಕಥೆ. ಜನರ ಒಲವು ಎರಡನೆಯದಕ್ಕೆ ಹೆಚ್ಚಾಗಿ ಒಲಿದುದರಲ್ಲಿ ಆಶ್ಚರ್ಯವಿಲ್ಲ; ಅದರಲ್ಲಿ ಪೆಟ್ಟು ತಿಂದವನೂ ಪೆಟ್ಟು ಕೊಟ್ಟವನೂ ಕೊನೆಗೆ ನೆರೆಹೊರೆಯವರಾಗಿ ಉಳಿಯುತ್ತಾರೆ.

೭. ಹಳ್ಳಿಯ ಬಸವ ನಗರದ ಬಸವನಾದುದು

೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಹಳೆಯ ಪೇಟೆಯನ್ನು ಬಿಟ್ಟು ಜನ ಗಾಳಿ ಬೆಳಕುಗಳಿರುವ ಹೊಸ ಬಡಾವಣೆಗಳಿಗೆ ಹೋಗಬೇಕಾಯಿತು. ಉತ್ತರದಲ್ಲಿ ಮಲ್ಲೇಶ್ವರ, ದಕ್ಷಿಣದಲ್ಲಿ ಬಸವನಗುಡಿ ಹೀಗೆ ಬೆಳೆದವು. ಎರಡೂ ಬಡಾವಣೆಗಳು ಹಳೆಯ ಗುಡಿಗಳಿಂದ ಹೆಸರನ್ನು ಪಡೆದುವು. ಸುಂಕೇನಹಳ್ಳಿ ಎಂಬ ಊರಿನ ಹೆಸರು ಹಿಂದೆ ಸರಿದು, ಬಸವನ ಹೆಸರು ಮುಂದೆ ಬಂದಿತು. ೧೯೧೭ರಲ್ಲಿ ನ್ಯಾಷನಲ್ ಹೈಸ್ಕೂಲು, ೧೯೪೫ರಲ್ಲಿ ಡಿ. ವಿ. ಗುಂಡಪ್ಪನವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ೧೯೪೬ರಲ್ಲಿ ಬಿ. ಎಂ. ಎಸ್. ಇಂಜಿನಿಯರಿಂಗ್ ಕಾಲೇಜು ಮುಂತಾಗಿ ವಿದ್ಯಾಸಂಸ್ಥೆಗಳು ಈ ಭಾಗದಲ್ಲಿ ನೆಲಸಿದುವು. ಬಸವನ ಹೆಸರಿನ ಬುಲ್ ಟೆಂಪಲ್ ರಸ್ತೆ ನಗರದ ವಿದ್ಯಾವಂತರ ದಿನನಿತ್ಯದ ದಾರಿಯಾಯಿತು. ರೈತರ ಕಥೆಯನ್ನು ನಗರದ ಮಕ್ಕಳು ಕಲಿತುಕೊಂಡುದು ಹೀಗೆ.

ಪರಿಷೆಯೂ ಅದರೊಡನೆ ಬದಲಾಯಿತು. ಸುತ್ತಣ ಹೊಲಗಳು ಮನೆಗಳಾದುವು. ಕಾಣಿಕೆ ತರಬೇಕಾದ ಹಳ್ಳಿಗಳೇ ನಗರದೊಳಗೆ ಸೇರಿಹೋದುವು. ಆದರೂ ಪರಿಷೆ ನಿಲ್ಲಲಿಲ್ಲ. ಮಾಗಡಿ, ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಕಡೆಗಳಿಂದಲೂ, ನೆರೆಯ ಆಂಧ್ರ ತಮಿಳುನಾಡುಗಳಿಂದಲೂ ಕಡಲೆಕಾಯಿ ಬರತೊಡಗಿತು. ರಸ್ತೆಯ ಇಕ್ಕೆಲಗಳಲ್ಲಿ ಹಸಿಯದು, ಹುರಿದುದು, ಬೇಯಿಸಿದುದು ಎಂದು ರಾಶಿರಾಶಿಯಾಗಿ ಸುರಿದಿರುತ್ತಾರೆ. ಒಂದು ದಿನದ ಪರಿಷೆ ಈಗ ಹಲವು ದಿನ ನಡೆಯುತ್ತದೆ. ಬೆಳೆದವನು ಕೊಡುತ್ತಿದ್ದ ಕಾಣಿಕೆ ಕೊಂಡವನು ತಿನ್ನುವ ತಿಂಡಿಯಾಗಿದೆ. ಆದರೂ ಬಸವನ ಮುಂದೆ ಒಂದು ಹಿಡಿ ಇಡದೆ ಹೋಗುವವರು ಕಡಮೆ.

ಪ್ರಪಂಚದ ಇತರ ನಗರಗಳಲ್ಲಿಯೂ ಇಂಥ ಪ್ರಾಣಿವಿಗ್ರಹಗಳುಂಟು. ನ್ಯೂಯಾರ್ಕಿನ ಹಣದ ಪೇಟೆಯಲ್ಲಿರುವ ಕಂಚಿನ ಗೂಳಿಯನ್ನು ಆರ್ತುರೊ ದಿ ಮೋದಿಕ ಎಂಬ ಶಿಲ್ಪಿ ೧೯೮೯ರ ಡಿಸೆಂಬರಿನಲ್ಲಿ ಯಾರ ಅನುಮತಿಯನ್ನೂ ಕೇಳದೆ ರಾತ್ರೋರಾತ್ರಿ ತಂದು ಷೇರುಪೇಟೆಯ ಮುಂದೆ ನಿಲ್ಲಿಸಿದನು. ಅಧಿಕಾರಿಗಳು ತೆಗೆಸಿದರು, ಜನ ಬೇಕೆಂದರು, ಕೊನೆಗೆ ಹತ್ತಿರದ ಇನ್ನೊಂದು ಸ್ಥಳದಲ್ಲಿ ಅದಕ್ಕೆ ಎಡೆ ದೊರೆಯಿತು. ಇಟಲಿಯ ಟ್ಯೂರಿನ್ ನಗರದಲ್ಲಿ ೧೯ನೆಯ ಶತಮಾನದಿಂದ ಬೀದಿಬೀದಿಗೆ ನಿಂತಿರುವ ಹಸುರುಬಣ್ಣದ ನಲ್ಲಿಗಳಿಗೆ ಪುಟ್ಟ ಹೋರಿಯ ಮುಖವಿದೆ. ಹೋರಿಯ ಬಾಯಿಂದ ನೀರು ಬರುತ್ತದೆ. ಆ ಊರಿನ ಹೆಸರು ಒಂದು ಪ್ರಾಚೀನ ಬುಡಕಟ್ಟಿನಿಂದ ಬಂದುದಾದರೂ, ಧ್ವನಿಸಾಮ್ಯದಿಂದ ಜನ ಅದರಲ್ಲಿ ಹೋರಿಯನ್ನೇ ಕಂಡರು. ಹೇಳದೆ ಕೇಳದೆ ಬಂದು ನಿಂತ ಪ್ರಾಣಿಗೆ ಜನ ಒಲಿಯುವುದು, ಹೋರಿಗೂ ನೀರಿಗೂ ಗಂಟುಹಾಕುವುದು ಬೆಂಗಳೂರಿನ ಕಥೆಯಲ್ಲಿಯೂ ಉಂಟು.

ಇದೇ ಕಡೆಯ ಮಾತಿಗೆ ನಮ್ಮನ್ನು ತರುತ್ತದೆ. ದೊಡ್ಡ ಬಸವಣ್ಣನ ಪಾದದಲ್ಲಿ ವೃಷಭಾವತಿ ನದಿ ಹುಟ್ಟುತ್ತದೆಂದು ನಂಬಿಕೆ. ಮಲ್ಲೇಶ್ವರದ ಕಾಡುಮಲ್ಲೇಶ್ವರ ಗುಡಿಯ ಎದುರಿನ ನಂದಿತೀರ್ಥದಲ್ಲಿ ಕಲ್ಲಿನ ನಂದಿಯ ಬಾಯಿಂದ ನೀರು ಸುರಿಯುತ್ತದೆ. ಅದನ್ನೂ ಈ ನದಿಯ ಮೂಲವೆಂದು ಹೇಳುವವರುಂಟು. ಒಂದೇ ನದಿಗೆ ಎರಡು ಬಸವರು. ಭೂಗೋಳದ ದೃಷ್ಟಿಯಿಂದ ಈ ಎರಡು ಮಾತುಗಳಲ್ಲಿ ವಿರೋಧವೇನಿಲ್ಲ. ಬೆಂಗಳೂರು ಒಂದು ದಿಣ್ಣೆಯಮೇಲೆ ನಿಂತ ಊರು. ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಕಡೆಗೂ, ಪಶ್ಚಿಮಕ್ಕೆ ಬಿದ್ದುದು ಅರ್ಕಾವತಿಯ ಕಡೆಗೂ ಹರಿಯುತ್ತದೆ. ದಿಣ್ಣೆಯ ಬಂಡೆಗಳ ಬುಡದಲ್ಲಿ ಅಲ್ಲಲ್ಲಿ ಒಸರುತ್ತಿದ್ದ ನೀರು ಕೂಡಿಯೇ ವೃಷಭಾವತಿಯಾಗಿ ಕೆಂಗೇರಿ ಬಿಡದಿಗಳ ಕಡೆಗೆ ಸಾಗಿ ಅರ್ಕಾವತಿಯನ್ನು ಸೇರುತ್ತಿತ್ತು. ಬಂಡೆ, ಬಂಡೆಯ ಬುಡದಲ್ಲಿ ನೀರು, ನೀರಿನ ಕೆಳಗೆ ಹೊಲ, ಹೊಲಕ್ಕೆ ನುಗ್ಗುವ ಬಸವ: ಇದು ಕೋಟೆಗಿಂತ ಹಿಂದಿನ ಬೆಂಗಳೂರಿನ ಚಿತ್ರ. ಅದನ್ನು ಕಥೆ ಕಾಪಾಡಿಕೊಂಡು ಬಂದಿದೆ.

ನದಿಯನ್ನು ಮಾತ್ರ ನಾವು ಕಾಪಾಡಿಕೊಂಡಿಲ್ಲ. ವೃಷಭಾವತಿ ಇಂದು ನಗರದ ಪಶ್ಚಿಮ ಭಾಗದ ಚರಂಡಿಯ ನೀರನ್ನೂ ಕಾರ್ಖಾನೆಗಳ ಹೊಲಸನ್ನೂ ಹೊತ್ತು ಹರಿಯುತ್ತಿದೆ. ಬಿಡದಿಯ ಸಮೀಪದ ಭೈರಮಂಗಲದ ಕೆರೆಗೆ ಸೇರುವುದು ಈ ನೀರೇ. ಅದನ್ನು ನಂಬಿ ಬೇಸಾಯಮಾಡುವ ರೈತರ ಪಾಡನ್ನು ಬೇರೆ ಹೇಳಬೇಕಾಗಿಲ್ಲ. ಹಿಂದೆ ಬಸವ ರೈತನ ಹೊಲವನ್ನು ಮೇದು ನಷ್ಟಮಾಡಿತೆಂದು ಕಥೆ. ಈಗ ನಷ್ಟಮಾಡುತ್ತಿರುವುದು ಬಸವನನ್ನು ಮುದ್ದಿಸುವ ನಗರ.

೮. ಉಪಸಂಹಾರ

ಮೇಲಿನ ವಿಚಾರಗಳನ್ನು ಹೀಗೆ ಸಂಗ್ರಹಿಸಬಹುದು. ಬಸವನಗುಡಿಯ ವಿಗ್ರಹ ೧೬ನೆಯ ಶತಮಾನದ ಬೃಹಚ್ಛಿಲ್ಪದ ಸಂಪ್ರದಾಯಕ್ಕೆ ಸಹಜವಾಗಿ ಹೊಂದುತ್ತದೆ. ಅದರ ಕಥೆಯಲ್ಲಿ ಬರುವ ಕಡಲೆಕಾಯಿ ಮಾತ್ರ ಅದಕ್ಕಿಂತ ಬಹಳ ಈಚಿನದು. ಕಥೆಯ ತಿರುಳಾದ ಬೆಳೆ ಮೇಯುವ ಬಸವ, ದೇವರಿಗೆ ಬಿಟ್ಟ ಹೋರಿಗೂ ಒಕ್ಕಲಿಗನಿಗೂ ನಡುವಣ ಹಳೆಯ ಇಕ್ಕಟ್ಟಿನಿಂದ ಹುಟ್ಟಿದುದು. ಕೇಡು ಮಾಡಿದುದಕ್ಕೆ ಪಾಲು ಕೊಟ್ಟು ಕಾವಲಿಗೆ ನಿಲ್ಲಿಸುವ ಕ್ರಮದಲ್ಲಿ ಅದು ತುಳುನಾಡಿನ ಪಂಜುರ್ಲಿಗೆ ಒಡಹುಟ್ಟು.

ಐತಿಹ್ಯದಲ್ಲಿ ಕಾಲದೋಷವನ್ನು ಕಂಡಕೂಡಲೇ ಅದನ್ನು ಸುಳ್ಳೆಂದು ತಳ್ಳಿಹಾಕುವುದು ಇತಿಹಾಸದ ವಿದ್ಯಾರ್ಥಿಗೆ ತರವಲ್ಲ. ಭಕ್ತಿಯಿಂದ ಅಕ್ಷರಶಃ ನಂಬುವುದೂ ತರವಲ್ಲ. ಯಾವ ಅಂಶ ಯಾವಾಗ ಬಂದು ಸೇರಿತೆಂದು ಬಿಡಿಸಿ ನೋಡಿದರೆ, ಶಾಸನಗಳಲ್ಲಿ ಹೆಸರಿಲ್ಲದ ರೈತರ ಬದುಕು ಅದರಲ್ಲಿ ಕಾಣಿಸಿಕೊಳ್ಳುತ್ತದೆ. ಕೋಟೆ ಕಟ್ಟಿಸಿದವನ ಹೆಸರನ್ನು ನಗರ ಮರೆತಿಲ್ಲ. ದೊಣ್ಣೆ ಎತ್ತಿದ ರೈತನಿಗೆ ಕಥೆಯಲ್ಲಿಯೂ ಹೆಸರಿಲ್ಲ. ಆದರೂ ವರ್ಷಕ್ಕೊಮ್ಮೆ ಕಾರ್ತಿಕದ ಸೋಮವಾರ ಅವನ ಹೊಲದ ಫಲವನ್ನು ನಗರವೆಲ್ಲ ಕೈಯಲ್ಲಿ ಹಿಡಿದು ಬಸವನ ಮುಂದೆ ನಿಲ್ಲುತ್ತದೆ. ಪರಿಷೆಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಬಸವನೊಡನೆ ಅವನನ್ನೂ ನೆನೆದರೆ ಈ ಲೇಖನದ ಶ್ರಮ ಸಾರ್ಥಕ.